ದೆವ್ವದ ಸೀರೆಯ ಅಂಚು

ಒಂದೇ ದೆವ್ವದ ಸಿನಿಮಾವನ್ನು ಹನ್ನೊಂದು ಸಲ ನೋಡಿಯೂ ದೆವ್ವದ ಮುಖ ಹೇಗಿತ್ತೆಂದು ಹೇಳಲಾರದ ಮನುಷ್ಯ ಈ ಭೂಮಿಯ ಮೇಲೆ ಒಬ್ಬರೇ ಇರಬಹುದು. ಅವರು ನನ್ನ ಸೋದರಮಾವ! ಹೆದರಿ ಕಣ್ಣು ಮುಚ್ಚಿಕೊಳ್ಳುತ್ತಿದ್ದರು ಎಂದುಕೊಂಡಿರಾ? ಛೇ! ಮಾವ ಮೊಳಕಾಲ್ಮೂರಿನ ನೇಕಾರರು. ಅವರ ಕಣ್ಣಿಗೆ ಸೀರೆ ಮೊದಲು, ಉಟ್ಟವರು ಆಮೇಲೆ. ದೆವ್ವಕ್ಕೂ ರಿಯಾಯಿತಿ ಇಲ್ಲ.

ಅದಕ್ಕೆ ಕಾರಣವೂ ಇತ್ತು. ಮದುವೆಯಾದ ಹೊಸದರಲ್ಲಿ ಅತ್ತೆ ಅಂಚಿನುದ್ದಕ್ಕೂ ಗಿಳಿಸಾಲು ಇರುವ ರೇಷ್ಮೆ ಸೀರೆ ನೇಯುತ್ತಿದ್ದರಂತೆ. ಮಾವ ಮಗ್ಗದ ಪಕ್ಕ ಕೂತು ಏನೋ ಹೇಳಿ ನಗಿಸಿದರು. ಅತ್ತೆ ನಕ್ಕ ಭರದಲ್ಲಿ ನಾಲ್ಕು ಎಳೆ ತಪ್ಪಿ, ಒಂದು ಗಿಳಿ ಕೊಕ್ಕಿಲ್ಲದೆ ಹುಟ್ಟಿತು! ಮನೆಯಲ್ಲಿ ಬೈಗುಳವೋ ಬೈಗುಳ. ಕೊನೆಗೆ ಒಬ್ಬ ವ್ಯಾಪಾರಿ, ಸಿನಿಮಾದವರು ದೆವ್ವಕ್ಕೆ ಉಡಿಸಲು ಒಂದು ಸೀರೆ ಕೇಳಿದ್ದಾರೆ, ದೆವ್ವದ ಅಂಚನ್ನು ಯಾರು ನೋಡುತ್ತಾರೆ ಎಂದು ಅದನ್ನು ಒಯ್ದನಂತೆ.

ಮಾವ ನೋಡಿದರಲ್ಲ! ಸಿನಿಮಾ ಚಳ್ಳಕೆರೆಗೆ ಬಂದಾಗ ಹನ್ನೊಂದು ಸಲ ನೋಡಿದರು. ಆದರೆ ಆ ಸವೆದ ಪ್ರಿಂಟಿನ ತುಂಬ ಗೀರು. ಗಿಳಿಗಳೆಲ್ಲ ಇರುವೆ ಸಾಲಿನಂತೆ ಕಂಡವಂತೆ. ಹಾಗಾಗಿ ಈ ಕಥೆಯನ್ನು ಯಾರೂ ನಂಬಲಿಲ್ಲ. ಮದುವೆ ಮನೆಗಳಲ್ಲಿ "ದೆವ್ವದ ಬೀಗರು ಬಂದ್ರು, ಎಲೆ ಹಾಕ್ರಪ್ಪಾ" ಎಂದೇ ಸ್ವಾಗತ. ದೆವ್ವ ಉಟ್ಟಿದ್ದು ಬಿಳಿ ಸೀರೆಯಲ್ಲವೇ ಎಂದು ನಾನೂ ಒಮ್ಮೆ ಕೆಣಕಿದ್ದೆ.

"ಬಿಳೀದಲ್ಲವ್ವ, ನಿಂಬೆಹಣ್ಣಿನ ಬಣ್ಣ. ಸಿನಿಮಾಕ್ಕೆ ಬಣ್ಣ ಇರ್ಲಿಲ್ಲ ಅಂದ್ರೆ ಸೀರೆಗೂ ಇರ್ಲಿಲ್ವಾ?" ಎಂದರು ಮಾವ.

ಬೈದ ಹಿರಿಯರೆಲ್ಲ ಹೋದಮೇಲೆ, ಮಾವನನ್ನು ಬಿಟ್ಟರೆ ನಿಜ ಗೊತ್ತಿದ್ದವರು ಅತ್ತೆ ಒಬ್ಬರೇ. ಕೇಳಿದರೆ ನಕ್ಕು ಮಗ್ಗಕ್ಕೆ ಹೋಗಿಬಿಡುತ್ತಿದ್ದರು. ಐದು ವರ್ಷದ ಹಿಂದೆ ಅವರೂ ತೀರಿಕೊಂಡರು.

ಈಗ ನೋಡಿ, ಆ ಸಿನಿಮಾದ ಗೀರುಗಳನ್ನೆಲ್ಲ ಅಳಿಸಿ, ಹೊಸದರಂತೆ ಮಾಡಿ ಮತ್ತೆ ಬಿಡುಗಡೆ ಮಾಡಿದ್ದಾರೆ! ನಾನಿರುವುದು ಚಳ್ಳಕೆರೆಯಲ್ಲಿ. ಫೋನ್ ಮಾಡಿದ್ದೇ ತಡ, ಮಾವ ಬೆಳಗಿನ ಬಸ್ಸಿಗೇ ಹೊರಟರು. ಚೀಲದಲ್ಲಿ ಭೂತಗನ್ನಡಿ ಬೇರೆ! ಬಿ.ಜಿ. ಕೆರೆ ದಾಟುವಷ್ಟರಲ್ಲಿ ಇಡೀ ಬಸ್ಸಿಗೆ ಗಿಳಿಯ ಕಥೆ ಗೊತ್ತಾಗಿತ್ತು. ಇಳಿಸುವಾಗ ಕಂಡಕ್ಟರ್, ಕೊಕ್ಕಿನ ವಿಷಯ ಏನಾಯಿತೆಂದು ತನಗೂ ತಿಳಿಸಬೇಕೆಂದು ನಿಲ್ದಾಣದಲ್ಲಿ ಕಾಯುತ್ತಿದ್ದ ನನಗೆ ತನ್ನ ನಂಬರ್ ಬರೆಸಿದ.

ನಾನು ನಕ್ಕೆ, ನಿಜ. ಆದರೆ ಗಿಳಿಗೆ ಕೊಕ್ಕು ಇದ್ದುಬಿಟ್ಟರೆ? ಇಷ್ಟು ವರ್ಷ ಕಾಪಾಡಿಕೊಂಡು ಬಂದ ಕಥೆ ಒಂದು ಮಧ್ಯಾಹ್ನದಲ್ಲಿ ಸುಳ್ಳಾದರೆ, ಈ ವಯಸ್ಸಿನಲ್ಲಿ ಮಾವ ಅದನ್ನು ಹೇಗೆ ತಡೆದುಕೊಳ್ಳುತ್ತಾರೆ? ನನಗೆ ದೆವ್ವಕ್ಕಿಂತ ಆ ಗಿಳಿಯದೇ ಭಯ.

ಮ್ಯಾಟಿನಿಗೆ ಕಾಲೇಜು ಹುಡುಗರು ತುಂಬಿದ್ದರು. ಅಜ್ಜನ ಕಾಲದ ದೆವ್ವವೆಂದು ಗೇಲಿ ಮಾಡಲೆಂದೇ ಬಂದವರು. ಮೊದಲ ಅರ್ಧ ಗಂಟೆ ಶಿಳ್ಳೆಯೋ ಶಿಳ್ಳೆ. ಆಮೇಲೆ ಖಾಲಿ ಮೆಟ್ಟಿಲ ಮೇಲೆ ಗೆಜ್ಜೆ ಸದ್ದು ಕೇಳಿತು ನೋಡಿ, ಎಲ್ಲ ಗಪ್‌ಚಿಪ್! ಪಕ್ಕದಲ್ಲಿ ಕೂತಿದ್ದ ಗಡ್ಡದ ಯುವಕ ಮಾವನ ತೋಳನ್ನೇ ಅಪ್ಪಿಕೊಂಡ. ಸಿಟ್ಟು ಬಂದರೆ ಮಾವನಿಗೆ ತೆಲುಗು ಬರುತ್ತದೆ. "ಊರ್ಕೋರಾ, ಸುಮ್ನಿರೋ, ಅಂಚು ನೋಡಾಕೆ ಬಿಡು" ಎಂದು ಕೊಡವಿಕೊಂಡರು.

ದೆವ್ವ ಮೆಟ್ಟಿಲಿಳಿಯಿತು. ಅಂಚು ಒಂದೊಂದೇ ಮೆಟ್ಟಿಲ ಮೇಲೆ ಹರಿದು ಬಂತು. ಒಂದು ಗಿಳಿ, ಅದರ ಹಿಂದೆ ಇನ್ನೊಂದು, ಎಲ್ಲವಕ್ಕೂ ಚೂಪಾದ ಕೊಕ್ಕು. ಆಗ, ಕೊನೆಯ ಮೆಟ್ಟಿಲ ಹತ್ತಿರ, ಕೊಕ್ಕಿಲ್ಲದ ಒಂದು ಗಿಳಿ ಬಂತು.

ಮಾವ ಎದ್ದು ನಿಂತು ಇಡೀ ಥಿಯೇಟರಿಗೆ ಸಾರುತ್ತಾರೆ ಎಂದುಕೊಂಡೆ. ಅವರು ಅಲುಗಾಡಲಿಲ್ಲ. ಆಗ ನನಗೆ ಹೊಳೆಯಿತು. ನೇಕಾರರ ಮನೆಯಲ್ಲಿ ನೇಯ್ದದ್ದು ಯಾವತ್ತು ಉಳಿದಿದೆ? ಜೀವಮಾನವಿಡೀ ನೇಯ್ದ ಅತ್ತೆಯ ಕೈಯ ಒಂದು ಮೊಳ ಬಟ್ಟೆಯೂ ಆ ಮನೆಯಲ್ಲಿಲ್ಲ. ಇರುವುದೆಲ್ಲ ಈ ಪರದೆಯ ಮೇಲೆ.

ದೆವ್ವ ಕೈಚಾಚಿ ನಮ್ಮತ್ತಲೇ ನುಗ್ಗಿತು. ಥಿಯೇಟರಿಗೆ ಥಿಯೇಟರೇ ಕಿರುಚಿ ಕಣ್ಣು ಮುಚ್ಚಿಕೊಂಡಿತು. ಮಾವ ಮಾತ್ರ ಕಣ್ಣು ತುಂಬಿಕೊಂಡು, ಮುಂದಕ್ಕೆ ಬಾಗಿ, ಮೆಲ್ಲಗೆ ಕರೆದರು:

"ಬಾ... ಇನ್ನೊಂಚೂರು ಹತ್ರ ಬಾ."