ಕಾಕಾ ಕಂಪ್ಯೂಟರಿನ ಹಲ್ಲು ನೋಡಿದ್ದು

ಕಂಪ್ಯೂಟರಿನ ಹಲ್ಲು ನೋಡಿ ಅದರ ವಯಸ್ಸು ಹೇಳಬಲ್ಲ ಮನುಷ್ಯ ಭೂಮಿಯ ಮೇಲೆ ಒಬ್ಬನೇ ಇದ್ದಾನೆ, ಅವನು ನಮ್ಮ ಕಾಕಾ. ನೀವು ನಗುತ್ತೀರಿ, ಗೊತ್ತು. ನಾನೂ ನಕ್ಕಿದ್ದೆ. ನಕ್ಕ ತಪ್ಪಿಗೆ ಅದೇ ಕಂಪ್ಯೂಟರನ್ನು ತೊಡೆಯ ಮೇಲೆ ಕೂರಿಸಿಕೊಂಡು ಬೀದರಿನಿಂದ ಅವನ ಊರು ಠಾಣಾ ಕುಶನೂರಿನವರೆಗೆ ಬಸ್ಸಿನಲ್ಲಿ ಹೋಗಿದ್ದೇನೆ.

ಕಾಕಾ ಎಂದರೆ ನನ್ನ ತಂದೆಯ ತಮ್ಮ. ಹುಟ್ಟಿದಾಗಿನಿಂದ ಕುರಿಗಳ ನಡುವೆ ಬೆಳೆದವನು. ಕುರಿಯ ಬಾಯಿ ಬಿಡಿಸಿ ಹಲ್ಲೆಣಿಸಿ, ಬೆನ್ನ ಮೇಲೆ ಕೈಯಾಡಿಸಿ, ಎದೆಗೆ ಕಿವಿಗೊಟ್ಟು, ನಾಲ್ಕು ಹೆಜ್ಜೆ ನಡೆಸಿ ನೋಡದೆ ಕೊಂಡವನಲ್ಲ. ಅದರಲ್ಲಿ ತಪ್ಪೇನಿದೆ? ತಪ್ಪಿಲ್ಲ. ಆದರೆ ಅವನ ಪ್ರಕಾರ ಲೋಕದ ಸಕಲ ವಸ್ತುಗಳೂ ಕುರಿಯ ಜಾತಿಗೇ ಸೇರಿದವು! ಕುಕ್ಕರ್ ಕೊಳ್ಳಲು ಹೋದಾಗ ಮುಚ್ಚಳ ತೆಗೆದು ಒಳಗೆ ಬೆರಳಾಡಿಸಿ, "ದವಡಿ ಸಡಿಲ ಅದ" ಎಂದು ಮೂರು ಕುಕ್ಕರ್ ತಿರಸ್ಕರಿಸಿದ್ದ. ನನಗೆ ಹೆಣ್ಣು ನೋಡಲು ಹೋದಾಗ, "ನಾಕು ಹೆಜ್ಜಿ ನಡೀ ತಾಯಿ" ಎಂದ. ಹುಡುಗಿ ಚಹಾದ ತಟ್ಟೆ ಕೆಳಗಿಟ್ಟು, "ಮೊದಲ ಅವರಿಗಿ ನಡೀಲಿಕ್ಕೆ ಹೇಳ್ರಿ" ಎಂದಳು. ನಾನು ನಡೆದೆ. ಇಂದಿಗೂ ಅವಳು ಹೇಳಿದ ಕಡೆಗೇ ನಡೆಯುತ್ತಿದ್ದೇನೆ.

ಇಂಥವನಿಗೆ ಕಂಪ್ಯೂಟರಿನ ಗೊಡವೆ ಯಾಕೆ ಬಂತು ಎಂದು ಕೇಳುತ್ತೀರಾ? ಎರಡು ವರ್ಷ ಮಳೆ ಕೈಕೊಟ್ಟಿತ್ತು. ಮೇವಿಲ್ಲದೆ ಕಾಕಾನ ಅರವತ್ತು ಕುರಿಗಳು ಕರಗಿ ಆರಕ್ಕೆ ಬಂದಿದ್ದವು. ಮಗಳು, ಅಳಿಯ ಇಬ್ಬರೂ ದೀಪಾವಳಿ ಮುಗಿಸಿ ಪುಣೆಗೆ ಕಟ್ಟಡದ ಕೆಲಸಕ್ಕೆ ಹೊರಡುವವರಿದ್ದರು. ಮೊಮ್ಮಗಳು ರೇಣುಕಾ ಒಂಬತ್ತನೆಯ ತರಗತಿ. ಅವಳೂ ಹೋದರೆ ಓದು ಅಲ್ಲಿಗೆ ಮುಗಿಯಿತು. ಹಾಗೆ ಹೋದ ಊರಿನ ಮಕ್ಕಳು ಯಾರೂ ಮತ್ತೆ ಪಾಟಿಚೀಲ ಹಿಡಿದಿರಲಿಲ್ಲ. ಅವಳನ್ನು ಔರಾದಿನ ಹಾಸ್ಟೆಲಿಗೆ ಸೇರಿಸಿ, ಉಳಿದ ಕುರಿ ಮಾರಿ, ತಾನೂ ಪುಣೆಗೆ ಹೋಗಿ ವಾಚ್‌ಮನ್ ಆಗುವುದೆಂದು ಕಾಕಾ ಠರಾಯಿಸಿದ್ದ. ಹುಡುಗಿ ಅಜ್ಜನ ಮಾತಿಗೆ ಒಪ್ಪಲಿಲ್ಲ.

"ಹಾಸ್ಟೆಲ್ ಬ್ಯಾಡ ಮುತ್ಯಾ. ನಂಗ ಲಾರಿ ಓಡಸೋ ಆಟದ ಕಂಪ್ಯೂಟರ್ ಬೇಕು. ಫೋನಿನಾಗಿಂದು ನಡಿಯಂಗಿಲ್ಲ. ಕೊಡಸಿದರ ಮನ್ಯಾಗ ಇದ್ದು ಸಾಲಿಗಿ ಹೋಗ್ತೇನಿ. ಇಲ್ಲಂದ್ರ ಅವ್ವನ ಸಂಗಟ ಹೋಗ್ತೇನಿ."

ಮರುದಿನ ಬೆಳಿಗ್ಗೆ ಬೀದರಿನ ನನ್ನ ಆಫೀಸಿಗೆ ಕಾಕಾನ ಫೋನು. "ಆಟದ ಕಂಪ್ಯೂಟರಿಗಿ ಎಷ್ಟು ಕುರಿ ಆಗ್ತಾವ?"

ಕಾಕಾನ ರಾಜ್ಯದಲ್ಲಿ ರೂಪಾಯಿ ಚಲಾವಣೆಯಲ್ಲಿಲ್ಲ. ಆಸ್ಪತ್ರೆಯ ಖರ್ಚು ಒಂದೂವರೆ ಕುರಿ, ಮಗಳ ಮದುವೆ ಇಪ್ಪತ್ತೆರಡು ಕುರಿ, ಹೀಗೆ. ಎರಡು ಟಗರಿಗಿಂತ ಹೆಚ್ಚು ಆಗಕೂಡದು, ದೀಪಾವಳಿಯೊಳಗೆ ಮನೆಗೆ ಬರಬೇಕು, ಇದು ಅವನ ಹುಕುಂ. ನಾನು ರಜೆ ಹಾಕಿದೆ.

ಭಾಲ್ಕಿಯಲ್ಲಿ ಒಂದು ಇಂಟರ್ನೆಟ್ ಸೆಂಟರ್ ಮುಚ್ಚುತ್ತಿದೆ ಎಂದು ತಿಳಿದು ಮೊದಲು ಅಲ್ಲಿಗೆ ಹೋದೆವು. ಮಾಲೀಕ ಹಳೆಯ ಕಂಪ್ಯೂಟರನ್ನು ಮದುಮಗನ ಹಾಗೆ ಒರೆಸಿ ಇಟ್ಟಿದ್ದ. ಚಾಲೂ ಮಾಡಿ, "ನೋಡ್ರಿ, ಹ್ಯಾಂಗ ಓಡ್ತದ" ಎಂದ.

"ಇದು ನಿಂತದ. ಓಡೋದು ಎಲ್ಲಿ?" ಎಂದ ಕಾಕಾ. "ಲಾರಿ ಆಟ ಹಚ್ಚು. ಒಂದು ತಾಸು ನೋಡ್ತೇನಿ."

ಆಟ ಹಚ್ಚಿದರು. ಕಾಕಾ ಫ್ಯಾನಿಗೆ ಕಿವಿಗೊಟ್ಟು ಕುಳಿತ. ಹತ್ತು ನಿಮಿಷಕ್ಕೆ "ಉಬ್ಬಸ ಅದ" ಎಂದ. ಹದಿನೈದಕ್ಕೆ ಡಬ್ಬಿಯ ನೆತ್ತಿಯ ಮೇಲೆ ಅಂಗೈ ಇಟ್ಟು "ಜ್ವರ ಬಂದದ" ಎಂದ. ಇಪ್ಪತ್ತನೆಯ ನಿಮಿಷಕ್ಕೆ ಕಂಪ್ಯೂಟರ್ ತಾನಾಗಿಯೇ ಕಣ್ಣು ಮುಚ್ಚಿತು. ಕಾಕಾ ಎದ್ದು ಟವೆಲ್ ಹೆಗಲಿಗೇರಿಸಿ, ಮಾಲೀಕನ ಬೆನ್ನು ಸವರಿ, "ಭಾಳ ದಿವಸ ನಿಮ್ಮ ಹತ್ತರ ಇತ್ತೇನ್ರಿ?" ಎಂದು ಕೇಳಿದ. ಮಾಲೀಕನ ಮುಖ ನಿಜಕ್ಕೂ ಸೂತಕದ ಮನೆಯವರ ಹಾಗಾಯಿತು.

ದೀಪಾವಳಿಗೆ ನಾಲ್ಕೇ ದಿನ ಉಳಿದಾಗ ಬೀದರಿನ ಗಾಂಧಿ ಗಂಜ್ ಮಾರುಕಟ್ಟೆಯ ಹಿಂದಿನ ಒಂದು ಅಂಗಡಿಗೆ ಹೋದೆವು. ಕಿರಿಯ ಮಾಲೀಕ ಮೊದಲು ಗಾಜಿನ ಡಬ್ಬಿಯ ಕಂಪ್ಯೂಟರೊಂದನ್ನು ತೋರಿಸಿದ. ಒಳಗೆ ಕೆಂಪು, ನೀಲಿ, ಹಸಿರು ದೀಪಗಳು ಸುತ್ತುತ್ತಿದ್ದವು.

"ಒಳಗ ದೀಪ ಯಾಕ್ರಿ?"

"ಚಂದ ಕಾಣ್ಲಿ ಅಂತ್ರಿ."

"ಸಂತ್ಯಾಗ ಮುದಿ ಕುರಿಗಿ ಬಣ್ಣ ಹಚ್ಚತಾರ, ಹಂಗ. ಬ್ಯಾಡ."

ಕೊನೆಗೆ ಹೈದರಾಬಾದಿನ ಯಾವುದೋ ಆಫೀಸಿನಿಂದ ಬಂದ ಹಳೆಯ ಕಂಪ್ಯೂಟರಿನ ಸರದಿ. ಮೂರು ವರ್ಷದ್ದು ಎಂದ ಮಾಲೀಕ. ಕಾಕಾ ಪಕ್ಕದ ಬಾಗಿಲು ತೆಗೆಸಿ ಒಳಗೆ ಬಗ್ಗಿದ. ಕಂಪ್ಯೂಟರಿನಲ್ಲಿ ರ‍್ಯಾಮ್ ಎಂಬ ಪಟ್ಟಿ ಇರುತ್ತದಲ್ಲ, ಅದರ ಅಂಚಿಗೆ ಸಾಲಾಗಿ ಬಂಗಾರದ ಬಣ್ಣದ ಗೆರೆಗಳು. ಅದನ್ನು ಕೀಳಿಸಿ ಬಿಸಿಲಿಗೆ ಹಿಡಿದು, "ಹಲ್ಲು ಸವದಾವ. ಇದು ಆರು ವರ್ಷದ್ದು" ಎಂದ. ಮಾಲೀಕ ನಗುತ್ತ ಹಿಂಬದಿಯ ಚೀಟಿ ಓದಿದ. ಆಮೇಲೆ ನಗಲಿಲ್ಲ. ಆರೇ ವರ್ಷವಾಗಿತ್ತು!

ಕರೆಂಟು ಹಂಚುವ ಪವರ್ ಸಪ್ಲೈ ಡಬ್ಬಿಯನ್ನು ಅಂಗೈಯಲ್ಲಿ ತೂಗಿ, "ಹೊಟ್ಯಾಗ ಏನೂ ಇಲ್ಲ" ಎಂದು ಅದನ್ನು ಕಳಿಸಿ, ಅಂಗಡಿಯ ಎಲ್ಲಕ್ಕಿಂತ ಭಾರದ ಡಬ್ಬಿ ತರಿಸಿದ. ಆಟದ ಚಿತ್ರ ಓಡಿಸುವ ಗ್ರಾಫಿಕ್ಸ್ ಕಾರ್ಡಿನ ಮಾತು ಬಂದಾಗ ಮಾಲೀಕ ಇಟ್ಟಿಗೆ ಗಾತ್ರದ ಹೊಸ ಕಾರ್ಡು ಮುಂದಿಟ್ಟ. ಕಾಕಾ ನಾವು ಆರಿಸಿದ್ದ ಚಿಕ್ಕ ಪರದೆಯನ್ನು ನೋಡಿದ, ಕಾರ್ಡನ್ನು ನೋಡಿದ.

"ಆರು ಕುರಿ ಕಾಯಲಿಕ್ಕ ನಾಕು ನಾಯಿ ಯಾಕ್ರಿ? ಹಳೇದು, ಸಣ್ಣದು ತೋರಸ್ರಿ."

ವಾರಗಟ್ಟಲೆ ವಿಡಿಯೊ ನೋಡಿ ನಾನು ಕಲಿತದ್ದೂ ಇಷ್ಟೇ. ದೀಪಕ್ಕೆ ದುಡ್ಡು ಸುರಿಯಬೇಡ, ಪವರ್ ಸಪ್ಲೈಯಲ್ಲಿ ಜಿಪುಣತನ ಮಾಡಬೇಡ, ಪರದೆಗೆ ತಕ್ಕ ಕಾರ್ಡು ತಗೋ. ಕಾಕಾನಿಗೆ ಇದನ್ನೆಲ್ಲ ಕುರಿಗಳು ಪುಕ್ಕಟೆ ಕಲಿಸಿದ್ದವು.

ಇನ್ನು ಬೆಲೆ. ನಮ್ಮ ಕಡೆ ಜಾನುವಾರು ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಟವೆಲ್ ಮುಚ್ಚಿ, ಒಳಗೊಳಗೇ ಬೆರಳು ಹಿಡಿದು ವ್ಯಾಪಾರ. ಕಾಕಾ ಟವೆಲ್ ಬೀಸಿ ಮಾಲೀಕನ ಕೈ ಹಿಡಿದದ್ದೇ ತಡ, ಆ ಹುಡುಗ ಬೆಚ್ಚಿ ಹಿಂದಕ್ಕೆ ಸರಿದ. ಆದರೆ ಮೂಲೆಯಲ್ಲಿ ಪೇಪರು ಓದುತ್ತಿದ್ದ ಅವನ ಅಪ್ಪ, ಗಂಜಿನಲ್ಲಿ ದಲಾಲಿ ಮಾಡಿ ನಿವೃತ್ತನಾದ ಮುದುಕ, ಎದ್ದು ಬಂದ. "ನೀ ಸರಿ" ಎಂದು ಮಗನನ್ನು ನೂಕಿ ಟವೆಲ್ಲಿನೊಳಗೆ ಕೈಯಿಟ್ಟ.

ಹತ್ತು ನಿಮಿಷ ಇಬ್ಬರೂ ಮಾತಿಲ್ಲದೆ ಕಾದಾಡಿದರು. ಒಮ್ಮೆ ಕಾಕಾ ಬಾಗಿಲವರೆಗೆ ಹೋಗಿ ಬಂದ, ಒಮ್ಮೆ ಮುದುಕ "ಶಿವಾ ಶಿವಾ" ಎಂದು ಸೂರು ನೋಡಿದ. ಕೊನೆಗೆ ಇಬ್ಬರ ಮುಖವೂ ಅರಳಿತು. ಎರಡು ಬೆರಳಿಗೆ ವ್ಯಾಪಾರ ಕುದುರಿತ್ತು. ಚಹಾ ಬಂತು.

"ನಾಳಿ ಮುಂಜಾನಿ ತರ್ತೇನಿ. ಎರಡೂ ನಾಕು ಹಲ್ಲಿನವು," ಎಂದ ಕಾಕಾ.

"ಏನು ತರ್ತೀರಿ?"

"ಟಗರು."

ಮುದುಕನ ಒಂದೊಂದು ಬೆರಳು ಹತ್ತು ಸಾವಿರ ರೂಪಾಯಿ, ಕಾಕಾನ ಒಂದೊಂದು ಬೆರಳು ಒಂದೊಂದು ಟಗರು! ನಾನು ಕಣ್ಣು ಮುಚ್ಚಿದೆ. ರೇಣುಕಾ ಪುಣೆಯ ಜೀಪು ಹತ್ತುವುದು ಕಣ್ಣಿಗೆ ಕಟ್ಟಿತು. ಮುದುಕ ಚಹಾದ ಲೋಟ ಕೆಳಗಿಟ್ಟು ಕೇಳಿದ:

"ಕೊಂಬು ಹ್ಯಾಂಗ ಅವ?"

"ಅಪ್ಪಾ, ಅಂಗಡ್ಯಾಗ ಎಲ್ಲಿ ಕಟ್ತಿ?" ಎಂದು ಮಗ ತಲೆ ಮೇಲೆ ಕೈಹೊತ್ತ.

"ಆ ದೀಪದ ಡಬ್ಬಿ ತಗಿ. ಜಾಗ ಆಗ್ತದ."

ಮರುದಿನ ಟಗರು ಒಪ್ಪಿಸಿ ಹೊರಟೆವು. ಬಸ್ಸಿನಲ್ಲಿ ಕಂಬಳಿ ಸುತ್ತಿದ ಕಂಪ್ಯೂಟರ್ ನನ್ನ ತೊಡೆಯ ಮೇಲೆ. ಕಂಡಕ್ಟರ್ ಬಂದು, "ಏನ್ರಿ ಅದು, ಮರಿ ಏನು? ಕಚ್ಚತದೇನು?" ಎಂದು ಕೇಳಿದ. ಕಾಕಾ ಗಂಭೀರವಾಗಿ, "ಇಲ್ಲ. ಹಲ್ಲು ನನ್ನ ಕಿಸೇದಾಗ ಅವ" ಎಂದ. ರ‍್ಯಾಮ್ ಪಟ್ಟಿ ಅಲುಗಾಡಿ ಬಿದ್ದೀತೆಂದು ಅದನ್ನು ಕಿತ್ತು ಕಿಸೆಯಲ್ಲಿಟ್ಟುಕೊಂಡಿದ್ದ. ಕಂಡಕ್ಟರ್ ಆಮೇಲೆ ನಮ್ಮ ಸೀಟಿನ ಕಡೆ ಸುಳಿಯಲೇ ಇಲ್ಲ.

ದೀಪಾವಳಿ ಮುಗಿಯಿತು. ಮಗಳು ಅಳಿಯ ಹೋದರು. ರೇಣುಕಾ ಉಳಿದಳು.

ಬೇಸಿಗೆಯಲ್ಲಿ ಒಂದು ಸಂಜೆ ಹೋದೆ. ಹುಡುಗಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತ, ಪಕ್ಕದಲ್ಲಿ ಪುಸ್ತಕ ತೆರೆದಿಟ್ಟುಕೊಂಡು ಏನೋ ಬಾಯಿಪಾಠ ಮಾಡುತ್ತಿದ್ದಳು. ಕಂಪ್ಯೂಟರಿನ ಮುಂದೆ ಕಾಕಾ! ಎತ್ತಿನ ಬಂಡಿಯ ವೇಗದಲ್ಲಿ ಲಾರಿ ಓಡಿಸುತ್ತಿದ್ದ. ಹುಡುಗಿಯ ಓದಿಗೆ ಅಡ್ಡಿಯಾಗಬಾರದೆಂದು ಸದ್ದು ಪೂರ್ತಿ ಬಂದ್ ಮಾಡಿದ್ದ.

"ನೀ ಆಡಂಗಿಲ್ಲೇನು?" ಎಂದು ಅವಳನ್ನು ಕೇಳಿದೆ.

ಅವಳು ದನಿ ತಗ್ಗಿಸಿದಳು. "ನಂಗ ಆಟದ ಹುಚ್ಚಿಲ್ಲ ಮಾಮಾ. ಕುರಿ ಹೋದಮ್ಯಾಗ ಮುತ್ಯಾ ಸರಿಯಾಗಿ ಉಣ್ಣೋದೂ ಬಿಟ್ಟಿದ್ದ. ಈ ವಯಸ್ಸಿನಾಗ ಪುಣೇದಾಗ ಗೇಟ್ ಕಾಯ್ಕೋತ ನಿಂದರ್ತಾನೇನು? ನೀ ಇರು ಅಂದ್ರ ಇರ್ತಿದ್ದಿಲ್ಲ. ನಂಗ ಏನರ ಬೇಕು, ಕೊಡಸಿದರ ಮನ್ಯಾಗ ಇರ್ತೇನಿ ಅಂದ್ರ ನನ್ನ ಸಂಗಟ ತಾನೂ ಇರ್ತಾನ. ಅದಕ್ಕ ಕೇಳ್ದೆ."

ಹದಿನಾಲ್ಕು ವರ್ಷದ ಹುಡುಗಿ ಅವಳು. ಮೊಮ್ಮಗಳನ್ನು ಉಳಿಸಿಕೊಂಡೆನೆಂದು ಕಾಕಾ ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ನಾನು ಅವನ ಬೆನ್ನನ್ನೇ ನೋಡುತ್ತ ನಿಂತೆ. ಅವನು ತಿರುಗದೆಯೇ ಕೇಳಿದ:

"ರೇಣು, ಈ ರೋಡು ಪುಣೆಗಿ ಹೋಗ್ತದೇನು?"

"ಹೋಗ್ತದ ಮುತ್ಯಾ. ಇನ್ನಾ ಭಾಳ ದೂರ ಅದ. ಇವತ್ತ ಬ್ಯಾಡ, ರೊಟ್ಟಿ ಆಗ್ಯಾವ, ಎದ್ದು ಬಾ."

ಕಾಕಾ ಲಾರಿಯನ್ನು ರಸ್ತೆಯ ಬದಿಗೆ ಹಚ್ಚಿ, ಎದ್ದು ಬಂದು, ಅವಳ ಪಕ್ಕದಲ್ಲಿ ಊಟಕ್ಕೆ ಕುಳಿತ.