ಮೊದಲ ನಡೆ ಮತ್ತು ಸೀಮಂತದ ಗಂಟು

ನಮ್ಮವರ ಮೇಲೆ ನನ್ನ ದೂರು ಒಂದೇ. ಅವರು ಚದುರಂಗದ ಮೊದಲ ಕಾಯಿ ಮುಟ್ಟುವಷ್ಟರಲ್ಲಿ ನನ್ನ ಒಲೆಯ ಮೇಲೆ ಬೇಳೆ ಬೆಂದು, ಸಾರಾಗಿ, ಆರಿ, ಮತ್ತೆ ಬಿಸಿಯಾಗಿರುತ್ತದೆ. ಹೊಳೆನರಸೀಪುರದ ಪೇಟೆಯಲ್ಲಿ ಜವಳಿ ಅಂಗಡಿ ಇಟ್ಟಿರುವ ಪಂಚಾಕ್ಷರಯ್ಯನವರು ಬಟ್ಟೆ ಹರಿಯುವಾಗ ಮಿಂಚು. ಮಣೆಯ ಮುಂದೆ ಕೂತರೆ ಶಿಲಾಮೂರ್ತಿ. "ಮೊದಲ ನಡೆಗೂ ಮುಂಚೆ ಯೋಜನೆ ಶುರುವಾಗ್ಬೇಕು ಕಣೇ" ಎಂಬುದು ಅವರ ಮಹಾಸಿದ್ಧಾಂತ. ಪಕ್ಕದ ಬೀದಿಯ ಅವರ ಅಕ್ಕ ಕಮಲಾಕ್ಷಮ್ಮನವರು (ಮನೆಯಲ್ಲಿ ನನ್ನ ಅತ್ತಿಗೆ, ಮಣೆಯಲ್ಲಿ ಅವರ ಶತ್ರು) "ಮೊದ್ಲು ಕಾಯಿಗಳ್ನ ಆಚೀಗ್ ಬುಡ್ಲಾ, ಆಮೇಲೆ ಯೋಚ್ನೆ ಮಾಡೀಯಂತೆ" ಎನ್ನುವ ಪಂಥದವರು.

ಬುಧವಾರ ಬೆಳಿಗ್ಗೆ ಅರಕಲಗೂಡಿನಲ್ಲಿ ನನ್ನ ತಂಗಿ ನೀಲಾಂಬಿಕೆಯ ಸೀಮಂತ. ಮಂಗಳವಾರವೇ ಬಸ್ಸು ಹತ್ತಬೇಕು (ಯುದ್ಧಕಾಲ, ಪೆಟ್ರೋಲಿಲ್ಲದೆ ಇದ್ದಲಿನ ಹೊಗೆಯಲ್ಲಿ ಓಡುವ ಬಸ್ಸು, ದಿನಕ್ಕೊಂದೇ). ಆದರೆ ಮಂಗಳವಾರ ಮನೆ ಬಿಟ್ಟು ಹೊರಡುವ ಹಾಗಿಲ್ಲವಲ್ಲ! ಅದಕ್ಕೇ ಸೋಮವಾರ ಪ್ರಸ್ಥಾನ ಇಟ್ಟೆವು. ಸೀಮಂತದ ಹಸಿರು ಸೀರೆಯ ಗಂಟನ್ನು ಒಳ್ಳೆಯ ಗಳಿಗೆಯಲ್ಲಿ ಅತ್ತಿಗೆಯ ಮನೆಯಲ್ಲಿಟ್ಟು ಬಂದರೆ ಅಂದೇ ಹೊರಟ ಹಾಗೆ. ಗಂಟು ಮರಳಿ ಮನೆಗೆ ಬರಕೂಡದು. ಅಲ್ಲಿಂದಲೇ ಎತ್ತಿಕೊಂಡು ಹೋಗಬೇಕು.

"ನೋಡ್ದ್ಯಾ? ಇದೂ ಮೊದಲ ನಡೆಗೆ ಮುಂಚಿನ ಯೋಜನೇನೇ" ಎಂದು ನಮ್ಮವರು ಹಿಗ್ಗಿದರು.

ಮಂಗಳವಾರ ಏಳಕ್ಕೆ ಗಂಟು ತರಲು ಹೋದವರು ಎಂಟೂವರೆಯಾದರೂ ಪತ್ತೆಯಿಲ್ಲ. ಬಸ್ಸು ಒಂಬತ್ತಕ್ಕೆ. ಒಂಬತ್ತು ತಿಂಗಳ ಗೌರೀಶಂಕರನನ್ನು ಕಂಕುಳಲ್ಲಿಟ್ಟುಕೊಂಡು ಓಡಿದೆ. ನಡುಮನೆಯಲ್ಲಿ ಮಣೆ. ಮೂವತ್ತೆರಡು ಕಾಯಿಗಳೂ ಹುಟ್ಟಿದ ಜಾಗದಲ್ಲೇ ಇವೆ.

"ನನ್ನ ಕೇಳ್ಬ್ಯಾಡ ಕಣೆ ಗಂಗಾ," ಎಂದರು ಅತ್ತಿಗೆ. "ಒಂದಾಟ ಆಡ್ಬುಟ್ಟು ಓಯ್ತೀನಿ ಅಂದ. ನಾನು ಎರಡು ಮೊರ ರಾಗಿ ಕೇರ್ಕಂಡ್ ಬಂದೆ, ಒಂದು ಕಾಲಾಳೂ ಅಲ್ಲಾಡಿಲ್ಲ."

"ಯೋಜನೆ ಅಕ್ಕಾ, ಯೋಜನೆ!"

"ಏನೂಂದ್ರೆ, ಎಣ್ಣೆ ಕಾಯೋಕೆ ಮುಂಚೆ ಯಾರಾದ್ರೂ ಸಾಸಿವೆ ಎಣಿಸ್ತಾರಾ? ಏಳಿ!"

"ಆಟ ಅರ್ಧಕ್ಕೆ ಬಿಟ್ಟು ಪ್ರಯಾಣ ಹೊರಟ್ರೆ ಅಪಶಕುನ ಕಣೇ."

"ಶುರುವೇ ಆಗದ್ದಕ್ಕೆ ಅರ್ಧ ಎಲ್ಲಿಂದ ಬಂತು? ಸರೀರಿ ಆಚೆಗೆ. ಐದು ನಿಮಿಷದಲ್ಲಿ ನಾನೇ ಮುಗಿಸ್ತೀನಿ."

(ತೊಟ್ಟಿಲು ತೂಗುತ್ತಾ ನಾನೂ ಆಟ ಕಲಿತಿದ್ದೆ, ಹೇಳಿಕೊಂಡಿರಲಿಲ್ಲ.) ಮಣೆಯ ಹತ್ತಿರವೇ ಇದ್ದ ಗಂಟಿನ ಪಕ್ಕ ಕಂದನನ್ನು ಕೂರಿಸಿದೆ. ಕೈಗೆ ಸಿಕ್ಕಿದ್ದನ್ನೆಲ್ಲ ಬಟ್ಟೆಯ ಸಂದಿಗೆ ತುರುಕುವುದು ಅವನ ಕಸುಬು, ಪಾಪ, ಯಾರ ಗೋಜಿಗೂ ಬರುವುದಿಲ್ಲ.

ಬೇಗ ಸೋತು ಏಳುವುದೇ ನನ್ನ ಉದ್ದೇಶ. ಕಾಲಾಳು, ಕುದುರೆ, ಒಂಟೆ, ಎಲ್ಲವನ್ನೂ ಅವರೆಕಾಳು ಹಿಸುಕಿದ ಹಾಗೆ ಪಟಪಟನೆ ಆಚೆಗೆ ತಳ್ಳಿದೆ. ಆರನೆಯ ನಡೆಗೆ ಅತ್ತಿಗೆಯ ಮಂತ್ರಿ ತಾನಾಗಿ ನನ್ನ ಕುದುರೆಯ ಬಾಯಿಗೆ ಬಂದ. ಹೊಡೆದೆ! ಅತ್ತಿಗೆಯ ಮುಖ ಹುಳಿಮಜ್ಜಿಗೆ ಕುಡಿದಂತಾಯಿತು. ನನ್ನ ತಲೆಯೊಳಗೆ ಏನೋ ಹತ್ತಿಕೊಂಡಿತು. ಆನೆ ಈ ಕಡೆ ಬಂದರೆ... ಒಂಟೆ ಆ ಕಡೆ ಕಾದರೆ... ಅಯ್ಯೋ, ಯೋಜನೆ ಮಾಡಬೇಕಾದ್ದು ಈಗಲ್ಲವೇ! ನಮ್ಮವರ ಹಾಗೆಯೇ ಗಲ್ಲಕ್ಕೆ ಕೈಯಿಟ್ಟು ಕಣ್ಣು ಮುಚ್ಚಿದೆ.

"ಗಂಗಾ, ಬಸ್ಸು ಬಂತು. ಮಗೂನ, ಗಂಟನ್ನ ಎತ್ಕೊಂಡಿದೀನಿ."

"ಶ್!"

"ಗಂಟು ಬಸ್ಸಿನ ಮೇಲಕ್ಕೆ ಹಾಕಿಸಿ ಬಂದೆ ಕಣೇ! ಕಂಡಕ್ಟರು ಬೈತಿದಾನೆ!"

"ಒಂದೇ ನಿಮಿಷಾಂದ್ರೆ!"

ಕೊನೆಗೆ ಕಣ್ಣು ಬಿಟ್ಟು, ಆನೆಯನ್ನು ಸರ್ರನೆ ಎಳೆದು, "ರಾಜನಿಗೆ ಶಹ!" ಎಂದು ಗರ್ಜಿಸಿದೆ. ಕಂಬಕ್ಕೊರಗಿ ತೂಕಡಿಸುತ್ತಿದ್ದ ಅತ್ತಿಗೆ ಬೆಚ್ಚಿಬಿದ್ದು ಮಣೆ ನೋಡಿದರು.

"ಯಾರ್ಗ್ ಕೊಟ್ಯೇ ತಾಯಿ ಶಹಾನ? ನನ್ ರಾಜ ಎಲ್ಲವ್ನೆ?"

ರಾಜನ ಮನೆ ಖಾಲಿ! ಚಾಪೆ ಕೊಡವಿದೆವು. ಮಗುವಿನ ಬಾಯಿಗೆ ಬೆರಳು ಹಾಕಿ ನೋಡಿದೆವು. ಇಲ್ಲ. ಅಷ್ಟರಲ್ಲಿ ಬೀದಿಯ ಕೊನೆಯಲ್ಲಿ ಕರೀ ಹೊಗೆಯೆದ್ದಿತು. ಬಸ್ಸು ಹೊರಟಿತ್ತು, ತಲೆಯ ಮೇಲೆ ನಮ್ಮ ಗಂಟು ಹೊತ್ತುಕೊಂಡು.

ಇವತ್ತು ಅಮ್ಮನ ಕಾಗದ ಬಂತು. ಇಲ್ಲಿ ಇದ್ದ ಹಾಗೆಯೇ ಬರೆದಿಡುತ್ತೇನೆ:

"ಚಿ. ಸೌ. ಗಂಗಾಂಬಿಕೆಗೆ ಆಶೀರ್ವಾದ. ಗಂಟು ಕ್ಷೇಮವಾಗಿ ತಲುಪಿತು, ಕಂಡಕ್ಟರೇ ಮನೆ ವಿಚಾರಿಸಿ ತಂದುಕೊಟ್ಟ. ಸೀರೆ ನೀಲಳಿಗೆ ಬಹಳ ಒಪ್ಪಿತು. ಮಡಿಕೆಯೊಳಗೆ ಕಿರೀಟವಿಟ್ಟ ಮರದ ಬೊಂಬೆ ಸಿಕ್ಕಿತು. ಗಂಡು ಮಗುವಾಗಲೆಂದು ಅಳಿಯಂದಿರೇ ಮುಂಚಿತವಾಗಿ ಯೋಚಿಸಿ ಇಟ್ಟಿರಬೇಕೆಂದು ಎಲ್ಲರೂ ಕೊಂಡಾಡಿದರು. ಅದನ್ನೂ ಮಡಿಲಿಗೆ ಹಾಕಿದೆವು. ಅಷ್ಟು ದೂರಾಲೋಚನೆಯ ಗಂಡನಿದ್ದೂ ನಿನಗೆ ಒಂದು ಬಸ್ಸು ಹಿಡಿಯುವಷ್ಟು ಬುದ್ಧಿ ಬರಲಿಲ್ಲವೇ?"

ನಮ್ಮವರು ಕಣ್ಣು ಮುಚ್ಚಿ, ಗಲ್ಲಕ್ಕೆ ಕೈಯಿಟ್ಟು, ಕಾಗದವನ್ನು ನನ್ನಿಂದ ಮೂರು ಸಲ ಓದಿಸಿದರು.