ಸೊಸೆಯ ಕಂಪನಿಗೆ ಮೊದಲ ಪುಟದಲ್ಲಿ ಸೀಟು

ಹುಡುಕುವ ವಿಷಯದಲ್ಲಿ ಈ ಮನೆಯಲ್ಲಿ ನನ್ನ ಸಮಾನ ಯಾರೂ ಇಲ್ಲ. ಯಜಮಾನರ ಕನ್ನಡಕವನ್ನು ಅವರ ತಲೆಯ ಮೇಲಿಂದ, ಗ್ಯಾಸ್ ಪುಸ್ತಕವನ್ನು ಅಕ್ಕಿ ಡಬ್ಬದ ಹಿಂದಿನಿಂದ, ಮಗನ ಪಾಸ್‌ಪೋರ್ಟನ್ನು ನನ್ನ ಧಾರೆ ಸೀರೆಯ ಮಡಿಕೆಯಿಂದ ಹುಡುಕಿ ಕೊಟ್ಟವಳು ನಾನೇ. ಅಲ್ಲಿ ಇಟ್ಟವಳೂ ನಾನೇ ಅನ್ನುವುದು ಬೇರೆ ಮಾತು.

ಹಾಗಾಗಿ ಒಂದು ಭಾನುವಾರ ಮಧ್ಯಾಹ್ನ ಸೊಸೆ ಮೇಘನಾ ಅನ್ನ ಕಲಸುತ್ತಾ, "ಅತ್ತೆ, ನಮ್ಮ ಕಂಪನೀನ ಯಾರಿಗೂ ಹುಡುಕಕ್ಕೇ ಆಗ್ತಿಲ್ಲ" ಅಂದಾಗ ನಾನು ಒಂದು ಕ್ಷಣವೂ ಹಿಂಜರಿಯಲಿಲ್ಲ.

"ನಾನಿದೀನಲ್ಲಮ್ಮ! ಲೀವ್ ಇಟ್ ಟು ಮಿ" ಅಂದೆ.

ಯಜಮಾನರು ಹುಳಿಯ ಸೌಟನ್ನು ಹಾಗೇ ಕೆಳಗಿಟ್ಟರು. ಮುಂದೇನಾಗುತ್ತದೆ ಅಂತ ಅವರಿಗೆ ಮೊದಲೇ ಗೊತ್ತಾಗಿಬಿಡುತ್ತದೆ. ನನಗೆ ಆ ಸೌಲಭ್ಯವಿಲ್ಲ.

ಮೇಘನಾಳದು ಪುಟ್ಟ ಟೆಕ್ನಾಲಜಿ ಕಂಪನಿ. ಹೆಸರು ಹನಿಗಣ್ಣು. ಅಲ್ಲಾಳಸಂದ್ರದ ನಮ್ಮ ಮನೆಯ ಕಾರ್ ಶೆಡ್ಡೇ ಅದರ ಹೆಡ್ಡಾಫೀಸು. ನಮ್ಮ ಹಳೇ ಕಾರು ಎಣ್ಣೆ ಸೋರಿಸುತ್ತಾ ನಿಂತಿದ್ದ ಜಾಗದಲ್ಲಿ ಈಗ ಅವಳೂ ಇಬ್ಬರು ಎಂಜಿನಿಯರ್ ಹುಡುಗಿಯರೂ ಲ್ಯಾಪ್‌ಟಾಪ್ ಹಿಡಿದು ಕೂತಿರುತ್ತಾರೆ. ಅವರು ಮಾಡುವ ಯಂತ್ರ ನೋಡಲು ಸೋಪಿನ ಡಬ್ಬಿಯಷ್ಟಿದೆ. ಸಂಪಿನಲ್ಲಿ, ಮೇಲಿನ ಟ್ಯಾಂಕಿನಲ್ಲಿ ನೀರೆಷ್ಟಿದೆ ಅಂತ ಫೋನಿಗೆ ಹೇಳುತ್ತದೆ. ಟ್ಯಾಂಕು ತುಂಬಿದರೆ ಮೋಟರನ್ನು ತಾನೇ ಆಫ್ ಮಾಡುತ್ತದೆ. ನಮ್ಮ ಮನೆಯಲ್ಲಿ ಈ ಕೆಲಸವನ್ನು ಹಿಂದೆ ಯಜಮಾನರು ಮಾಡುತ್ತಿದ್ದರು. ಯಂತ್ರ ಮರೆಯುವುದಿಲ್ಲ, ಅಷ್ಟೇ ವ್ಯತ್ಯಾಸ. (ಮಗ ಕಾರ್ತಿಕನಿಗೆ ಬ್ಯಾಂಕಿನ ಕೆಲಸ. ಈ ಕಥೆಯಲ್ಲಿ ಅವನಿಗೆ ಪಾತ್ರವಿಲ್ಲ. ಮನೆಯಲ್ಲೂ ಹೆಚ್ಚುಕಮ್ಮಿ ಹಾಗೇ.)

"ಸರ್ಚ್ ಮಾಡಿದ್ರೆ ನಾವು ಮೂರನೇ ಪುಟದಲ್ಲಿ ಬರ್ತೀವಿ ಅತ್ತೆ."

"ಮೂರನೇ ಪುಟ ಕೆಟ್ಟದ್ದೇನಲ್ಲವಲ್ಲೇ? ಪೇಪರಿನಲ್ಲಿ ಮೊದಲ ಪುಟ ತುಂಬ ಬರೀ ಜಾಹೀರಾತು."

"ಇಲ್ಲೂ ಅಷ್ಟೇ. ಆದ್ರೆ ಇಲ್ಲಿ ಜನ ಎರಡನೇ ಪುಟಾನೂ ತಿರುಗಿಸಲ್ಲ." ಆಮೇಲೆ ಬಹಳ ಹಗುರವಾಗಿ ಸೇರಿಸಿದಳು: "ದೀಪಾವಳಿವರೆಗೂ ನೋಡ್ತೀನಿ. ಅಷ್ಟರಲ್ಲಿ ಆರ್ಡರ್ ಬರದಿದ್ರೆ ಮುಚ್ಚಿಬಿಡ್ತೀನಿ. ಹಳೇ ಆಫೀಸ್‌ನೋರು ಕರೀತಾನೇ ಇದಾರೆ."

ಮಾತು ಹಗುರವಾಗಿತ್ತು. ಕೈ ಮಾತ್ರ ಕಲಸಿದ ಅನ್ನವನ್ನೇ ಕಲಸುತ್ತಿತ್ತು.

ಆ ಮೂವರ ನಗು ದಿನವೂ ಅಡುಗೆಮನೆಯ ಕಿಟಕಿಯಿಂದ ಒಳಗೆ ಬರುತ್ತದೆ. ಅದಿಲ್ಲದೆ ಒಗ್ಗರಣೆ ಹಾಕುವುದನ್ನು ನನಗೆ ಕಲ್ಪಿಸಿಕೊಳ್ಳಲೂ ಆಗಲಿಲ್ಲ. ಮದುವೆಗೆ ಮುಂಚೆ ನನಗೂ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟ್ ತೆರೆಯುವ ಆಸೆಯಿತ್ತು. ಬೋರ್ಡಿಗೆ ಹೆಸರೂ ಆರಿಸಿಟ್ಟಿದ್ದೆ. ಬೋರ್ಡು ಬರಲಿಲ್ಲ, ಗಂಡ ಬಂದರು. ಈ ಹುಡುಗಿಯ ಬೋರ್ಡು ಇಳಿಯಬಾರದು ಅಂತ ಆ ಮಧ್ಯಾಹ್ನವೇ ತೀರ್ಮಾನಿಸಿದೆ.

ವೆಬ್‌ಸೈಟಿನಲ್ಲಿ ಒಳ್ಳೆಯ ಬರಹವಿದ್ದರೆ ಸರ್ಚ್ ಎಂಜಿನ್ನಿಗೆ ಇಷ್ಟವಾಗುತ್ತದಂತೆ. ಒಳ್ಳೆಯ ಬರಹ! ಕಾನ್ವೆಂಟಿನಲ್ಲಿ ಕಾಂಪೊಸಿಷನ್ ಪ್ರೈಜ್ ತೆಗೆದುಕೊಂಡವಳು ನಾನು. ನಮ್ಮ ಸಿಸ್ಟರ್ ಬೆನಡಿಕ್ಟಾ ಎರಡು ಪಾಠ ಹೇಳಿಕೊಟ್ಟಿದ್ದರು. ಒಂದು, ಸುಂದರವಾದ ಪದ ಸಿಗುವಾಗ ಸಾಧಾರಣ ಪದ ಬಳಸಬಾರದು. ಎರಡು, ಮರ್ಯಾದಸ್ಥ ಹೆಂಗಸು ತನ್ನತ್ತ ಗಮನ ಸೆಳೆಯಬಾರದು: ಎ ಲೇಡಿ ನೆವರ್ ಡ್ರಾಸ್ ಅಟೆನ್ಷನ್ ಟು ಹರ್‌ಸೆಲ್ಫ್. ನಾನು ಎರಡನ್ನೂ ಚಾಚೂ ತಪ್ಪದೆ ಪಾಲಿಸಿದೆ. ಅಲ್ಲಿಗೆ ಹನಿಗಣ್ಣಿನ ಕಥೆ ಮುಗಿದಂತೆಯೇ!

"ವಾಟರ್, ದಟ್ ಮೋಸ್ಟ್ ಏನ್ಷಿಯಂಟ್ ಕಂಪ್ಯಾನಿಯನ್ ಆಫ್ ಮ್ಯಾನ್" ಅಂತ ಶುರುಮಾಡಿದೆ. ಸಂಪು ಅನ್ನುವ ಪದ ಕಿವಿಗೆ ಒರಟು. ಅದನ್ನು 'ಸಬ್‌ಟೆರೇನಿಯನ್ ರಿಸರ್ವಾಯರ್' ಮಾಡಿದೆ. ಓವರ್‌ಹೆಡ್ ಟ್ಯಾಂಕು 'ಎಲಿವೇಟೆಡ್ ರೆಸೆಪ್ಟಕಲ್' ಆಯಿತು. ಮೋಟರಿಗೆ ಸುಂದರವಾದ ಪದ ಸಿಗಲಿಲ್ಲ, ಬಿಟ್ಟೇಬಿಟ್ಟೆ. ಕೊನೆಯಲ್ಲಿ ಅಲ್ಲಾಳಸಂದ್ರ ಕೆರೆಯ ಮೇಲಿನ ಸೂರ್ಯಾಸ್ತದ ವರ್ಣನೆಯೂ, ನಾನೇ ತೆಗೆದ ಅದರ ಫೋಟೋವೂ ಇತ್ತು. ಓದಿ ನನಗೇ ಕಣ್ಣು ತುಂಬಿ ಬಂತು.

ಮೇಘನಾ ಸಂಸ್ಕಾರವಂತೆ. "ತುಂಬಾ ಚೆನ್ನಾಗಿದೆ ಅತ್ತೆ" ಅಂದು ವೆಬ್‌ಸೈಟಿಗೆ ಹಾಕಿಬಿಟ್ಟಳು. ಕೆಲವೇ ದಿನಗಳಲ್ಲಿ ಕಂಪನಿ ಮೂರನೇ ಪುಟ ಬಿಟ್ಟು ಕದಲಿತು.

ಐದನೇ ಪುಟಕ್ಕೆ!

"ಸಬ್‌ಟೆರೇನಿಯನ್ ರಿಸರ್ವಾಯರ್ ಅಂತ ಯಾರೂ ಹುಡುಕಲ್ಲ ಅತ್ತೆ. ಜನ ಏನು ಕೇಳ್ತಾರೋ ಆ ಪದ ಅದರಲ್ಲಿ ಇರಬೇಕು" ಅಂದಳು ಮೆಲ್ಲಗೆ.

ಇಷ್ಟೇನಾ? ಮೊದಲೇ ಹೇಳಬಾರದಾ! ಆ ಸಂಜೆ ಕೂತು ಇನ್ನೊಂದು ಬರೆದೆ. ಯಲಹಂಕ ಸಂಪು, ಹೆಬ್ಬಾಳ ಸಂಪು, ಸಂಜಯನಗರ ಸಂಪು, ಮಾಕಳಿ ಸಂಪು, ಯಶವಂತಪುರ ಟ್ಯಾಂಕು, ಆರ್.ಟಿ. ನಗರ ಟ್ಯಾಂಕು... ಯಜಮಾನರು ಹಿಂದೆ ನಿಂತು ಸ್ವಲ್ಪ ಹೊತ್ತು ಓದಿದರು.

"ಕೊನೇಲಿ ಮಂಗಳಾರತಿ ಇದೆಯೋ?"

ಉತ್ತರ ಮೇಘನಾಳಿಂದ ಬಂತು: "ಅತ್ತೆ, ಹೀಗೆ ಪದ ತುರುಕಿದ್ರೆ ಅದಕ್ಕೆ ಸ್ಟಫಿಂಗ್ ಅಂತಾರೆ."

"ಬದನೆಕಾಯಿಗೆ ತುಂಬ್ತೀವಲ್ಲ, ಹಾಗಾ?"

"ಹಾಗೇ. ಆದ್ರೆ ಇದಕ್ಕೆ ಶಿಕ್ಷೆ ಕೊಡ್ತಾರೆ. ಇನ್ನೂ ಹಿಂದಕ್ಕೆ ತಳ್ತಾರೆ."

ಕಷ್ಟಪಟ್ಟು ಮಾಡಿದ ಎಣ್ಣೆಗಾಯಿಗೆ ಇಂಥ ಶಿಕ್ಷೆ ಎಲ್ಲೂ ಕೇಳಿಲ್ಲ!

ಇನ್ನು ಬರವಣಿಗೆ ಸಾಕು, ಜನಬಲ ಬೇಕು ಅನ್ನಿಸಿತು. ಬೆಳಿಗ್ಗೆ ನಾವು ಒಂದಿಷ್ಟು ಹೆಂಗಸರು ಕೆರೆ ಸುತ್ತ ವಾಕಿಂಗ್ ಹೋಗುತ್ತೇವೆ. ಅವರಲ್ಲಿ ನನ್ನ ಆಪ್ತರು ಇಬ್ಬರು. ನೂರ್‌ಜಹಾನ್, ಆಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿದ್ದು ರಿಟೈರ್ ಆದವಳು. ಇನ್ನೊಬ್ಬರು ಪುಟ್ಟತಾಯಮ್ಮ, ಈ ಊರಿನ ಮೂಲನಿವಾಸಿ. ಹಿಂದೆ ಅವರ ರಾಗಿ ಹೊಲವಿದ್ದ ಕಡೆ ಈಗ ಅವರದೇ ಬಾಡಿಗೆ ಬಿಲ್ಡಿಂಗುಗಳು ನಿಂತಿವೆ. ನನ್ನನ್ನು 'ಇಂಗ್ಲೀಸಮ್ಮ' ಅಂತಲೇ ಕರೆಯುವುದು.

ಕೆರೆಯ ಬೆಂಚಿನ ಮೇಲೆ ಎಲ್ಲರನ್ನೂ ಕೂರಿಸಿ ಅಪ್ಪಣೆ ಕೊಟ್ಟೆ: "ಲೇಡೀಸ್, ದಿನಾ ಬೆಳಿಗ್ಗೆ ಎಲ್ಲರೂ ಫೋನಲ್ಲಿ ಹನಿಗಣ್ಣು ಅಂತ ಹುಡುಕಬೇಕು. ಬಂದ ತಕ್ಷಣ ಒತ್ತಬೇಕು. ನನ್ನ ಸೊಸೆ ಭವಿಷ್ಯದ ಪ್ರಶ್ನೆ!"

"ಒತ್ತಿದ್ರೆ ಏನಾಯ್ತದೆ?" ಅಂದರು ಪುಟ್ಟತಾಯಮ್ಮ.

"ಕಂಪನಿ ಮೇಲಕ್ಕೆ ಬರುತ್ತೆ."

"ಅಂಗಾದ್ರೆ ಒತ್ತನ ಬಿಡಿ. ನಮ್ಗೇನು, ಬೆಟ್ಟು ಸವೀತದಾ?"

"ಆಪಾ, ರಿವ್ಯೂ ಭೀ ಬರೆಯೋಣ್ವಾ?" ಅಂದಳು ನೂರ್‌ಜಹಾನ್. "ನನ್ನ ಮೊಮ್ಮಗಳು ಹೇಳಿಕೊಟ್ಟಿದ್ದಾಳೆ. ಸ್ಟಾರ್ ಕೊಡೋದು."

ಬ್ರಿಲಿಯಂಟ್ ಐಡಿಯಾ ಅಂದೆ. ಏನು ಬರೆಯಬೇಕು ಅಂತ ಮಾತ್ರ ಹೇಳಲಿಲ್ಲ. ಸಂಜೆ ತೆಗೆದು ನೋಡಿದರೆ ಸ್ಟಾರುಗಳ ಮಳೆ. "ಬಹಳ ಮರ್ಯಾದಸ್ಥ ಫ್ಯಾಮಿಲಿ. ಸೊಸೆ ದೊಡ್ಡವರು ಬಂದರೆ ಎದ್ದು ನಿಲ್ಲುತ್ತಾಳೆ. ಉಪ್ಪಿಟ್ಟು ಸೂಪರ್, ಗೋಡಂಬಿ ಧಾರಾಳ." ಇದು ನೂರ್‌ಜಹಾನ್‌ಳದು. ಉಳಿದವರು ಅವಳನ್ನು ಮೀರಿಸಲು ಹೋಗಿ ನನ್ನ ಫಿಲ್ಟರ್ ಕಾಫಿ, ನಿಂಬೆ ಉಪ್ಪಿನಕಾಯಿ, ಗೌರಿ ಹಬ್ಬದ ಒಬ್ಬಟ್ಟು ಎಲ್ಲವನ್ನೂ ಹೊಗಳಿದ್ದರು. ನನಗೆ ಹೆಮ್ಮೆಯಿಂದ ಕತ್ತು ನೆಟ್ಟಗಾಯಿತು. ಟ್ಯಾಂಕಿನ ಬಗ್ಗೆ ಒಂದಕ್ಷರವಿಲ್ಲ ಅಂತ ಹೊಳೆಯಲೇ ಇಲ್ಲ!

ಮುಂದಿನ ಶನಿವಾರ ಗೇಟಿನಲ್ಲಿ ಯುವದಂಪತಿ ನಿಂತಿದ್ದರು. ಕೊನೆಗೂ ಗಿರಾಕಿ ಬಂತು ಅಂತ ಓಡಿಹೋದೆ.

"ಆಂಟಿ, ಉಪ್ಪಿಟ್ಟು ಇದೆಯಾ, ಖಾಲಿ ಆಯ್ತಾ?"

ಫೋನು ನೋಡಿಕೊಂಡು ಅಷ್ಟು ದೂರದಿಂದ ಬಂದವರನ್ನು ಹಾಗೇ ಕಳಿಸಲಾಗುತ್ತದೆಯೇ? ಉಪ್ಪಿಟ್ಟು ಮಾಡಿ ಕೊಟ್ಟೆ. ಅವರು ಹೋಗುವಾಗ ಇನ್ನೂ ಐದು ಸ್ಟಾರ್ ಕೊಟ್ಟು ಹೋದರು. ಮೇಘನಾ ಮಾತ್ರ ನಗಲಿಲ್ಲ. ನಮ್ಮವರು ಬರೆದದ್ದನ್ನೆಲ್ಲ ಅವರವರ ಕೈಯಲ್ಲೇ ತೆಗೆಸಿದಳು. "ಇದು ಸುಳ್ಳು ಸಾಕ್ಷಿ ಹೇಳಿಸಿದ ಹಾಗೆ ಅತ್ತೆ. ಬೇಡ" ಅಂದಳು. ದೀಪಾವಳಿ ಹತ್ತಿರ ಬರುತ್ತಿತ್ತು. ಶೆಡ್ಡಿನಿಂದ ನಗು ಕೇಳುವುದೂ ಕಡಿಮೆಯಾಗಿತ್ತು.

ಅದು ನನ್ನನ್ನು ಚುಚ್ಚಿತು. ಇನ್ನು ಯಾರ ಸಹಾಯವೂ ಬೇಡ, ನಾನೊಬ್ಬಳೇ ಮಾಡುತ್ತೇನೆ ಅಂತ ಹಟ ಹಿಡಿದೆ. ಕುಕ್ಕರ್ ಇಟ್ಟು ಒಮ್ಮೆ, ಕೂಗಿದ ಮೇಲೆ ಒಮ್ಮೆ, ದೇವರಿಗೆ ದೀಪ ಹಚ್ಚಿ ಒಮ್ಮೆ "ವಾಟರ್ ಟ್ಯಾಂಕ್ ಸೆನ್ಸರ್ ಯಲಹಂಕ" ಅಂತ ಹುಡುಕುವುದು, ಪುಟ ಪುಟ ತಿರುಗಿಸಿ ಹನಿಗಣ್ಣು ಸಿಕ್ಕ ಕೂಡಲೇ ಒತ್ತುವುದು. ಜಪ ಮಾಡುವವರೂ ಇಷ್ಟು ನಿಷ್ಠೆಯಿಂದ ಮಾಡುವುದಿಲ್ಲ. ಫಲ ಸಿಗತೊಡಗಿತು. ಐದನೇ ಪುಟದಲ್ಲಿದ್ದದ್ದು ಮೂರಕ್ಕೆ ಬಂತು, ಎರಡಕ್ಕೆ ಬಂತು. ಒಂದು ಬೆಳಿಗ್ಗೆ ನೋಡುತ್ತೇನೆ, ಮೊದಲ ಪುಟದಲ್ಲಿ ಮೊದಲನೆಯದಾಗಿ ಹನಿಗಣ್ಣು!

ಕೇಸರಿಬಾತ್ ಮಾಡಿದೆ. ಶೆಡ್ಡಿಗೆ ತಟ್ಟೆ ಹಿಡಿದು ನಡೆದೆ. "ಗರ್ಲ್ಸ್, ನಂಬರ್ ಒನ್!" ಎಂಜಿನಿಯರ್ ಹುಡುಗಿಯರು ಕುಣಿದುಬಿಟ್ಟರು. ಮೇಘನಾಳ ಮುಖದಲ್ಲಿ ಎಷ್ಟೋ ದಿನದ ಮೇಲೆ ಬೆಳಕು ಕಂಡೆ. ಅಷ್ಟರಲ್ಲಿ ಯಜಮಾನರು ಕೇಸರಿಬಾತಿನ ಚಮಚ ಬಾಯಲ್ಲಿಟ್ಟುಕೊಂಡೇ ತಮ್ಮ ಫೋನು ತೆಗೆದರು. ಒತ್ತಿದರು. ತಳ್ಳಿದರು. ಮತ್ತೆ ತಳ್ಳಿದರು.

"ವತ್ಸಲಾ, ನನ್ನ ಫೋನಲ್ಲಿ ನಮ್ಮ ಸೊಸೆ ಕಾಣಿಸ್ತಿಲ್ಲವಲ್ಲೇ."

ಮೇಘನಾ ನನ್ನ ಫೋನನ್ನೂ ಅವರ ಫೋನನ್ನೂ ಪಕ್ಕಪಕ್ಕ ಇಟ್ಟು ನೋಡಿದಳು. ಬೆಳಕು ಆರಿತು.

"ಅತ್ತೆ, ನೀವು ದಿನಾ ಅದನ್ನೇ ಹುಡುಕಿ ಹುಡುಕಿ, ನಿಮಗೆ ಏನಿಷ್ಟ ಅಂತ ನಿಮ್ಮ ಫೋನಿಗೆ ಗೊತ್ತಾಗಿಬಿಟ್ಟಿದೆ. ಅದಕ್ಕೇ ನಿಮಗೊಬ್ಬರಿಗೆ ಮೇಲೆ ತೋರಿಸ್ತಿದೆ."

"ಅಂದ್ರೆ ನನ್ನ ಸಮಾಧಾನಕ್ಕೆ ಹೇಳ್ತಿದೆಯಾ?"

"ಸುಮಾರಾಗಿ ಹಾಗೇ."

"ಮದುವೆಯಾದಾಗಿನಿಂದ ನಾನೂ ಅದನ್ನೇ ಮಾಡ್ತಿರೋದು" ಅಂದರು ಯಜಮಾನರು, ಎರಡನೇ ಸಲ ಕೇಸರಿಬಾತ್ ಬಡಿಸಿಕೊಳ್ಳುತ್ತಾ.

ಮರುದಿನ ಕೆರೆಯ ಹತ್ತಿರ ವಾಕಿಂಗ್ ಬಿಟ್ಟು ಬೆಂಚಿನ ಮೇಲೆ ಕುಳಿತುಬಿಟ್ಟೆ. ನಾವು ಇಲ್ಲಿ ಮನೆ ಕಟ್ಟಿಸಿದಾಗ ನೆಂಟರೆಲ್ಲ "ಅಲ್ಲಾಳಸಂದ್ರ ಬೆಂಗಳೂರಲ್ಲೇ ಇದೆಯಾ?" ಅಂತ ಕೇಳುತ್ತಿದ್ದರು. ಬಂದವರು ತಿರುವಿನ ದಿನಸಿ ಅಂಗಡಿಯಲ್ಲಿ ವಿಚಾರಿಸುತ್ತಿದ್ದರು. ಅಂಗಡಿಯ ಮುನಿಯಪ್ಪನವರು ತಕ್ಕಡಿ ಬಿಟ್ಟು ಹೊರಗೆ ಬಂದು ಕೈ ತೋರಿಸಿ ದಾರಿ ಹೇಳುತ್ತಿದ್ದರು. ಎಲ್ಲರೂ ಸಿಗುತ್ತಿದ್ದರು, ಯಾರೂ ಐದನೇ ಪುಟದಲ್ಲಿರಲಿಲ್ಲ. ಅಂಗಡಿ ಈಗಿಲ್ಲ. ನೀರನ್ನೇ ನೋಡುತ್ತಾ ಕೂತಿದ್ದೆ. ಪುಟ್ಟತಾಯಮ್ಮ ಏದುಸಿರು ಬಿಡುತ್ತಾ ಬಂದು ಪಕ್ಕದಲ್ಲಿ ಕುಳಿತರು.

"ಇವತ್ತು ಲೇಟಾಯ್ತು ಕಣಮ್ಮ. ಟ್ಯಾಂಕಿಗೆ ಅದೇನೋ ಮಿಸಿನ್ ಆಕೋರು ಬಂದಿದ್ರು. ನೀರು ತುಂಬುದ್ರೆ ಮೋಟ್ರು ತಾನೇ ನಿಂತೋಯ್ತದಂತೆ. ಬಾಡಿಗೆ ಐಕ್ಳು ಮೋಟ್ರು ಆಫ್ ಮಾಡದೆ ನೀರೆಲ್ಲಾ ರೋಡಿಗೆ ಅರ್ದು ಅರ್ದು ಸಾಕಾಗೋಗಿತ್ತು."

"ಯಾರ ಹತ್ರ ತಗೊಂಡ್ರಿ?"

"ಯಾರೋ ಊರಾಚೆಯೋರು. ಪೋನ್ನೇ ಕೇಳ್ದೆ, 'ಟ್ಯಾಂಕು ತುಂಬುದ್ ಮ್ಯಾಲೆ ಮೋಟ್ರು ತಾನೇ ನಿಲ್ಲೋಕೆ ಏನ್ ಮಾಡ್ಬೇಕು' ಅಂತ. ಅದು ತೋರುಸ್ತು."

"ಪುಟ್ಟತಾಯಮ್ಮ! ಅದನ್ನೇ ಕಣ್ರೀ ನನ್ನ ಸೊಸೆ ಮಾಡೋದು!"

ಅವರು ಹಣೆ ಚಚ್ಚಿಕೊಂಡರು.

"ಅಲ್ಲಾ ಇಂಗ್ಲೀಸಮ್ಮ, ದಿನಾ ಬೆಳಿಗ್ಗೆ ಎದ್ದು ಒತ್ತಿ ಒತ್ತಿ ಅಂತ ಪ್ರಾಣ ತಿಂದ್ರಲ್ಲ, ಅವ್ಳು ಏನ್ ಮಾಡ್ತಾಳೆ ಅಂತ ಒಂದ್ ಮಾತು ಯೋಳಿದ್ರಾ? ಒತ್ತಿದ್ರೆ ಇಂಗ್ಲೀಸು ಬತ್ತಿತ್ತು. ಸೂರ್ಯ ಮುಳುಗೋ ಪೋಟ ಇತ್ತು. ನಾನು ಯಾವ್ದೋ ರಿಸಾರ್ಟ್ ಅನ್ಕಂಡಿದ್ದೆ!"

ನೂರ್‌ಜಹಾನ್ ಮೆಲ್ಲಗೆ ಅಂದಳು, "ನಾನು ಕೇಟರಿಂಗ್ ಅಂದುಕೊಂಡಿದ್ದೆ ಆಪಾ."

ಮನೆಗೆ ಬಂದು ಇದ್ದದ್ದನ್ನು ಇದ್ದ ಹಾಗೆ ಮೇಘನಾಳಿಗೆ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ಪೆನ್ನು ತೆಗೆದುಕೊಂಡು, "ಅವರು ಫೋನಿಗೆ ಕೇಳಿದ್ದನ್ನ ಇನ್ನೊಂದ್ಸಲ ಹೇಳಿ ಅತ್ತೆ. ತಿದ್ದಬೇಡಿ, ಅವರು ಹೇಳಿದ ಹಾಗೇ ಹೇಳಿ" ಅಂದಳು. ನನಗೆ ಅದು ಎಷ್ಟು ಕಷ್ಟವಾಯಿತು ಅಂತ ಕಾನ್ವೆಂಟಿನಲ್ಲಿ ಓದಿದವರಿಗೆ ಮಾತ್ರ ಗೊತ್ತು. ಆ ಪ್ರಶ್ನೆಯನ್ನೇ ತಲೆಬರಹ ಮಾಡಿ, ಕೆಳಗೆ ಸರಳವಾದ ಉತ್ತರ ಬರೆದು ಒಂದು ಪುಟ ಹಾಕಿದಳು. ಆಮೇಲೆ ನಾನು ಕೆರೆ ಸುತ್ತ ಕಿವಿಯಲ್ಲಿ ಹೆಕ್ಕಿ ತಂದ ಪ್ರಶ್ನೆಗಳಿಗೆಲ್ಲ ಒಂದೊಂದು ಪುಟ. ಸೂರ್ಯಾಸ್ತವಿಲ್ಲ, ಗೋಡಂಬಿಯಿಲ್ಲ. ಪುಟ್ಟತಾಯಮ್ಮನೂ ಸುಮ್ಮನಿರಲಿಲ್ಲ. ಮಿಕ್ಕ ಬಿಲ್ಡಿಂಗುಗಳಿಗೆ ಮೇಘನಾಳಿಂದಲೇ ಹಾಕಿಸಿ, ಕೆಲಸ ನೋಡಿದ ಮೇಲೆ ತಮ್ಮ ನೆಂಟರಿಗೆಲ್ಲ ಹೇಳಿದರು. ಅವರ ನೆಂಟರಿಷ್ಟರೇ ಒಂದು ಸರ್ಚ್ ಎಂಜಿನ್!

ದೀಪಾವಳಿಗೆ ನಾವು ಮೊದಲ ಪುಟಕ್ಕೆ ಬಂದಿರಲಿಲ್ಲ. ಎರಡನೆಯದರಲ್ಲಿದ್ದೆವು. ಆದರೆ ಶೆಡ್ಡಿನಲ್ಲಿ ಫೋನು ರಿಂಗಾಗುತ್ತಿತ್ತು. ಹಬ್ಬದ ದಿನ ಎಣ್ಣೆಸ್ನಾನ ಮಾಡಿ ಬಂದ ಮೇಘನಾ ಹಳೇ ಆಫೀಸಿಗೆ ಬರುವುದಿಲ್ಲ ಅಂತ ಬರೆದು ಕಳಿಸಿದಳು. ನಾನು ಒಗ್ಗರಣೆ ಹಾಕುತ್ತಾ ಕಿಟಕಿಯ ಕಡೆ ಕಿವಿ ಕೊಟ್ಟೆ. ಮೂವರೂ ನಗುತ್ತಿದ್ದರು.

ನನ್ನ ಮೊದಲ ಬರಹವನ್ನು, ಆ ಏನ್ಷಿಯಂಟ್ ಕಂಪ್ಯಾನಿಯನ್ನನ್ನು, ಅವಳು ತೆಗೆದು ಹಾಕಲಿಲ್ಲ. ವೆಬ್‌ಸೈಟಿನ ಯಾವುದೋ ಮೂಲೆಯಲ್ಲಿ ಇಟ್ಟಿದ್ದಾಳೆ. ಯಾವ ಪುಟವನ್ನು ಎಷ್ಟು ಜನ ಓದುತ್ತಾರೆ ಅಂತ ಅವಳಿಗೆ ಕಾಣಿಸುತ್ತದಂತೆ. ಮೊನ್ನೆ ಖುಷಿಯಿಂದ ಬಂದು ಹೇಳಿದಳು: "ಅತ್ತೆ, ನಿಮ್ಮ ಬರಹಕ್ಕೆ ಒಬ್ಬರು ಖಾಯಂ ಓದುಗರಿದಾರೆ! ದಿನಾ ಮಧ್ಯಾಹ್ನ ಬರ್ತಾರೆ. ಸೂರ್ಯಾಸ್ತದ ಹತ್ರ ತುಂಬಾ ಹೊತ್ತು ನಿಲ್ತಾರೆ."

"ಹೌದೇನೇ? ಯಾರೋ ರಸಿಕರಿರಬೇಕು" ಅಂದೆ.

ಯಜಮಾನರು ಪೇಪರಿನ ಹಿಂದಿನಿಂದ ಕೆಮ್ಮಿದರು.

ಎ ಲೇಡಿ ನೆವರ್ ಡ್ರಾಸ್ ಅಟೆನ್ಷನ್ ಟು ಹರ್‌ಸೆಲ್ಫ್. ಮಧ್ಯಾಹ್ನದ ಊಟವಾದ ಮೇಲೆ ಎಂದಿನಂತೆ ಕನ್ನಡಕ ಹುಡುಕಿಕೊಂಡು, ಫೋನು ಹಿಡಿದು ನನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ.